ನಲವತ್ತೆಂಟರಲ್ಲಿ ಟೆಸ್ಟೋಸ್ಟೆರಾನ್ ಶುರು ಮಾಡಿದ್ದು

ಟೆಸ್ಟೋಸ್ಟೆರಾನ್ ಅಂದರೆ ಗಂಡಸರ ವೃಷಣದಲ್ಲಿ ತಯಾರಾಗುವ ಹಾರ್ಮೋನ್. ಅದನ್ನು ಔಷಧಿಯಾಗಿ ತಗೊಳ್ಳಬೇಕಾ ಅಂತ ಕೇಳುವ ಗೆಳೆಯರನ್ನು ನಾನು ಮೊದಲು ಕೇಳುವುದು ಒಂದೇ: ಅದು ಯಾಕೆ ಕಡಿಮೆ ಆಗಿದೆ ಅಂತ ಗೊತ್ತಾಯಿತಾ? ಕಡಿಮೆ ಇದೆ ಅನ್ನುವುದು ಅರ್ಧ ಸುದ್ದಿ ಮಾತ್ರ. ಉಳಿದ ಅರ್ಧ ತಿಳಿದ ಮೇಲೇ ನನಗೆ ಔಷಧಿ ಶುರುವಾಗಿದ್ದು.

ನನಗಾಗ 48. ಊರು ಶಿವಮೊಗ್ಗ. ಸುಸ್ತು ಜಾಸ್ತಿಯಾಗಿತ್ತು, ರಾತ್ರಿ ನಿದ್ದೆ ಮಾಡಿದರೂ ಬೆಳಿಗ್ಗೆ ಎದ್ದಾಗ ಮೈ ಹಗುರ ಅನ್ನಿಸುತ್ತಿರಲಿಲ್ಲ. ಹೆಂಡತಿಯ ಹತ್ತಿರ ಹೋಗುವ ಮನಸ್ಸೇ ಇಲ್ಲವಾಗಿತ್ತು. ಬೆಳಗಿನ ಜಾವ ಗಂಡಸರಿಗೆ ತಾನಾಗಿ ಆಗುವ ನಿಮಿರುವಿಕೆಯೂ ನಿಂತುಹೋಗಿತ್ತು. ಇದನ್ನೆಲ್ಲ ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯುತ್ತೇನೆ, ಯಾಕೆಂದರೆ ಡಾಕ್ಟರಿಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಇದೇ ಎರಡು ಮಾತು. ಸುಸ್ತು ಅಂದರೆ ಥೈರಾಯ್ಡ್ ಇರಬಹುದು, ಶುಗರ್ ಇರಬಹುದು, ರಕ್ತ ಕಡಿಮೆ ಇರಬಹುದು, ಮನಸ್ಸಿನ ಕಾಯಿಲೆಯೂ ಇರಬಹುದು. "ರೀ, ಮೊದಲು ಶುಗರ್ ಚೆಕ್ ಮಾಡಿಸಿ" ಅಂತ ಹೆಂಡತಿ ಹೇಳುತ್ತಲೇ ಇದ್ದಳು. ಮಾಡಿಸಿದೆ. ಶುಗರ್ ಸರಿ ಇತ್ತು, ಥೈರಾಯ್ಡೂ ಸರಿ ಇತ್ತು. ಆಮೇಲೆ ನಮ್ಮ ಫ್ಯಾಮಿಲಿ ಡಾಕ್ಟರ್ ಟೆಸ್ಟೋಸ್ಟೆರಾನ್ ಟೆಸ್ಟ್ ಬರೆದುಕೊಟ್ಟರು.

ಈ ಟೆಸ್ಟಿಗೆ ಒಂದು ಶಿಸ್ತು ಬೇಕು. ಬೆಳಿಗ್ಗೆ 10 ಗಂಟೆಯೊಳಗೆ ಹೋಗಬೇಕು, ಖಾಲಿ ಹೊಟ್ಟೆಯಲ್ಲಿ. ಈ ಹಾರ್ಮೋನ್ ಬೆಳಿಗ್ಗೆ ಹೆಚ್ಚಿರುತ್ತದೆ, ಹೊತ್ತು ಏರಿದ ಹಾಗೆ ಇಳಿಯುತ್ತದೆ, ತಿಂಡಿ ತಿಂದರೂ ಇಳಿಯುತ್ತದೆ. ಜ್ವರ ಬಂದಾಗಲೋ ಬೇರೆ ಕಾಯಿಲೆ ಬಿದ್ದಾಗಲೋ ಮಾಡಿಸಿದರೂ ಸುಮ್ನೆ ಕಡಿಮೆ ತೋರಿಸುತ್ತದೆ. ಒಂದು ರಿಪೋರ್ಟ್ ನಂಬುವ ಹಾಗಿಲ್ಲ, ಬೇರೆ ದಿನ ಇನ್ನೊಮ್ಮೆ ಮಾಡಿಸಲೇಬೇಕು. ನನ್ನದು ಮೊದಲು ಬಂದಿದ್ದು 196, ಆಮೇಲೆ 208 ನ್ಯಾನೋಗ್ರಾಂ, ಒಂದು ಡೆಸಿಲೀಟರ್ ರಕ್ತಕ್ಕೆ. ಅಮೆರಿಕದ ಯೂರಾಲಜಿ ವೈದ್ಯರ ಸಂಘ 300ಕ್ಕಿಂತ ಕೆಳಗೆ ಇದ್ದರೆ ಕಡಿಮೆ ಅನ್ನುತ್ತದೆ. ಲ್ಯಾಬಿನಿಂದ ಲ್ಯಾಬಿಗೆ ಈ ಗೆರೆ ಸ್ವಲ್ಪ ಬದಲಾಗುತ್ತದೆ, ಆದರೆ ನನ್ನದು ಯಾವ ಲೆಕ್ಕದಲ್ಲೂ ಕಡಿಮೆಯೇ.

ಅಲ್ಲಿಂದ ಹಾರ್ಮೋನ್ ಡಾಕ್ಟರ್ ಹತ್ತಿರ ಹೋದೆ. ಅವರು ಎಲ್‌ಎಚ್, ಎಫ್‌ಎಸ್‌ಎಚ್ ಅಂತ ಇನ್ನೆರಡು ಟೆಸ್ಟ್ ಮಾಡಿಸಿದರು. ವೃಷಣಗಳಿಗೆ ಕೆಲಸ ಮಾಡಿ ಅಂತ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕಳಿಸುವ ಅಪ್ಪಣೆಗಳು ಇವು. ನನ್ನಲ್ಲಿ ಎರಡೂ ಜಾಸ್ತಿ ಇದ್ದವು. ಸ್ಟಾರ್ಟರ್ ಒತ್ತಿದ ಹಾಗೆಲ್ಲ ಮೋಟರ್ ಓಡುತ್ತಿದೆ, ಬೋರ್‌ವೆಲ್‌ನಲ್ಲೇ ನೀರಿಲ್ಲ ಅನ್ನುವ ಹಾಗೆ. ಇವು ಕಡಿಮೆ ಇದ್ದಿದ್ದರೆ ಹುಡುಕುವ ದಾರಿಯೇ ಬೇರೆ ಇರುತ್ತಿತ್ತು: ಪ್ರೊಲ್ಯಾಕ್ಟಿನ್ ಅನ್ನುವ ಇನ್ನೊಂದು ಪಿಟ್ಯುಟರಿ ಹಾರ್ಮೋನಿನ ಟೆಸ್ಟ್, ಬೇಕಾದರೆ ಪಿಟ್ಯುಟರಿಯ ಎಂಆರ್‌ಐ, ಹೊಟ್ಟೆಯ ಬೊಜ್ಜು, ಗೊರಕೆ, ತೆಗೆದುಕೊಳ್ಳುವ ಮಾತ್ರೆಗಳ ವಿಚಾರಣೆ.

"ವೃಷಣಕ್ಕೆ ಪೆಟ್ಟು, ಆಪರೇಶನ್, ಮಂಗನಬಾವು, ಏನಾದರೂ ಆಗಿತ್ತಾ?" ಅಂತ ಡಾಕ್ಟರ್ ಕೇಳಿದರು. ಮನೆಗೆ ಬಂದು ಅಮ್ಮನನ್ನು ಕೇಳಿದರೆ, "ಆಗಿತ್ತಲ್ಲೋ, ನೀನು ಡಿಗ್ರಿ ಓದುವಾಗ. ಕೆನ್ನೆ ಊದಿದ್ದು ಇಳಿದ ಮೇಲೆ ಕೆಳಗೂ ಊದಿ, ನೋವು ತಡೆಯೋಕಾಗದೆ ಮಲಗಿಬಿಟ್ಟಿದ್ದೆ" ಅಂದರು. ಹರೆಯ ಬಂದ ಮೇಲೆ ಗಂಡಸರಿಗೆ ಮಂಗನಬಾವು ಬಂದರೆ ಅದು ವೃಷಣಕ್ಕೂ ಇಳಿಯುವುದುಂಟು, ಕೆಲವರಲ್ಲಿ ಆಮೇಲೆ ವೃಷಣ ಸಣ್ಣದಾಗಿಬಿಡುತ್ತದೆ. ಪರೀಕ್ಷೆ ಮಾಡಿದಾಗ ನನ್ನ ಒಂದು ಬದಿ ಹಾಗೇ ಆಗಿತ್ತು. ಇನ್ನೊಂದು ಇಷ್ಟು ವರ್ಷ ಎಳೆದುಕೊಂಡು ಬಂದಿದೆ, ವಯಸ್ಸಾದ ಹಾಗೆ ಅದಕ್ಕೂ ಸಾಲದಾಗಿದೆ ಅಂತ ಡಾಕ್ಟರ್ ವಿವರಿಸಿದರು.

ಈ ಹುಡುಕಾಟ ಯಾಕೆ ಮುಖ್ಯ ಅಂದರೆ, ಬೊಜ್ಜಿನಿಂದಲೋ ಶುಗರ್‌ನಿಂದಲೋ ಕಡಿಮೆಯಾದವರಿಗೆ ತೂಕ ಇಳಿಸಿದರೆ ಎಷ್ಟೋ ಸಲ ತಾನಾಗಿಯೇ ಏರುತ್ತದೆ. ಅಂಥವರಿಗೆ ನೇರ ಸೂಜಿ ಚುಚ್ಚುವುದು ನನ್ನ ಪ್ರಕಾರ ಅನ್ಯಾಯ. ಇನ್ನೊಂದು ಮಾತು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟರೆ ಮೈ ಸ್ವಂತ ತಯಾರಿಕೆ ನಿಲ್ಲಿಸುತ್ತದೆ, ವೀರ್ಯಾಣು ಕೂಡ ಕಡಿಮೆಯಾಗುತ್ತದೆ. ಮಕ್ಕಳು ಬೇಕು ಅನ್ನುವವರು ಇದನ್ನು ಶುರು ಮಾಡಲೇಬಾರದು. ಜಿಮ್‌ನಲ್ಲಿ ಯಾರೋ ಹೇಳಿದರು ಅಂತ ಮೂವತ್ತರ ಹುಡುಗರು ತೆಗೆದುಕೊಳ್ಳುವುದನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ನಮಗಾದರೋ ಮಗಳು ಪಿಯುಸಿಯಲ್ಲಿದ್ದಳು, ಇನ್ನು ಆ ಯೋಚನೆ ಇರಲಿಲ್ಲ.

ಶುರು ಮಾಡುವ ಮೊದಲು ಪ್ರಾಸ್ಟೇಟ್ ಗ್ರಂಥಿಗೆ ಪಿಎಸ್‌ಎ ಅನ್ನುವ ರಕ್ತ ಪರೀಕ್ಷೆ, ಬೆರಳು ಹಾಕಿ ಪರೀಕ್ಷೆ, ರಕ್ತದ ಗಟ್ಟಿತನಕ್ಕೆ ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳು ಶೇಕಡಾ ಎಷ್ಟು ಅಂತ ನೋಡುವುದು) ಆಯಿತು. ಹೃದಯದ ಭಯ ನನಗಿತ್ತು, ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಡಾಕ್ಟರ್ ಟ್ರಾವರ್ಸ್ ಅನ್ನುವ ಅಧ್ಯಯನದ ಬಗ್ಗೆ ಹೇಳಿದರು. 2023ರಲ್ಲಿ ಪ್ರಕಟವಾಗಿದ್ದು, ಹೃದಯದ ತೊಂದರೆ ಇದ್ದ ಅಥವಾ ಬರುವ ಸಾಧ್ಯತೆ ಹೆಚ್ಚಿದ್ದ, 45ರಿಂದ 80 ವಯಸ್ಸಿನ 5,200ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದದ್ದು. ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿದವರಲ್ಲಿ, ಔಷಧಿಯಿಲ್ಲದ ಜೆಲ್ ಹಚ್ಚಿದವರಿಗಿಂತ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಎದೆಬಡಿತ ತಾಳ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಕಿಡ್ನಿಗೆ ದಿಢೀರ್ ತೊಂದರೆ ಆಗುವುದು ಸ್ವಲ್ಪ ಜಾಸ್ತಿ ಕಂಡಿತು. ಎರಡನ್ನೂ ಹೇಳಿದ್ದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಮೊದಲು ಕೊಟ್ಟಿದ್ದು ಜೆಲ್. 5 ಗ್ರಾಂ ಸ್ಯಾಶೆ, ಅದರಲ್ಲಿ 50 ಮಿಲಿಗ್ರಾಂ ಔಷಧಿ. ತೊಂದರೆ ಕಂಡರೆ ಬೇಗ ನಿಲ್ಲಿಸಬಹುದು ಅನ್ನುವುದು ಅವರ ಲೆಕ್ಕ. ಸ್ನಾನವಾದ ಮೇಲೆ ಭುಜಕ್ಕೆ, ತೋಳಿಗೆ ಹಚ್ಚಿ, ಒಣಗಿದ ಮೇಲೆ ಬಟ್ಟೆ ಹಾಕಿಕೊಂಡು, ಸೋಪು ಹಚ್ಚಿ ಕೈ ತೊಳೆಯಬೇಕು. ನಮ್ಮ ಮನೆಯಲ್ಲಿ ತಮ್ಮನ ಪುಟ್ಟ ಮಗು ಇದೆ, ದೊಡ್ಡಪ್ಪ ಅಂತ ಓಡಿಬಂದು ಹೆಗಲಿಗೇ ಏರುತ್ತದೆ. ಜೆಲ್ ಮಕ್ಕಳ ಮೈಗೆ ತಾಗಿದರೆ ಹೊತ್ತಲ್ಲದ ಹೊತ್ತಿನಲ್ಲಿ ಹರೆಯದ ಲಕ್ಷಣಗಳು ಬರಬಹುದು, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಇದಕ್ಕೆ ದೊಡ್ಡ ಎಚ್ಚರಿಕೆ ಹಾಕಿಸಿತ್ತು. ಮಗುವನ್ನು ದೂರ ಇಡುವುದು ನನ್ನಿಂದಾಗಲಿಲ್ಲ. ಔಷಧಿ ಮೈಗೆ ಒಗ್ಗಿದ ಮೇಲೆ ಸೂಜಿಗೆ ಬದಲಾದೆ.

ಅದು ಟೆಸ್ಟೋಸ್ಟೆರಾನ್ ಅನ್‌ಡೆಕನೋಯೇಟ್, ಅಂದರೆ ಮೈಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಟೆಸ್ಟೋಸ್ಟೆರಾನ್, 1000 ಮಿಲಿಗ್ರಾಂ. ಔಷಧಿ ಬೆರೆಸಿರುವುದು ಹರಳೆಣ್ಣೆಯಲ್ಲಿ, ಮಂದವಾಗಿರುತ್ತದೆ, ಹಾಗಾಗಿ ಕುಂಡಿಗೆ ನಿಧಾನವಾಗಿ ಚುಚ್ಚಬೇಕು. ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ, ಅಪರೂಪಕ್ಕೆ ಎಣ್ಣೆಯ ಹನಿ ಶ್ವಾಸಕೋಶಕ್ಕೆ ಹೋಗಿ ಕೆಮ್ಮು, ಉಸಿರಾಟದ ತೊಂದರೆ ಬರಬಹುದು ಅಂತ. ಎರಡನೆಯದು 6 ವಾರಕ್ಕೆ, ಆಮೇಲೆ 10ರಿಂದ 14 ವಾರಕ್ಕೊಂದು.

ಏನು ಬದಲಾಯಿತು? ಸುಮಾರು ಒಂದು ತಿಂಗಳಲ್ಲಿ ಕಾಮಾಸಕ್ತಿ ಮರಳಿತು, ಅದೇ ಮೊದಲು ಗೊತ್ತಾಗಿದ್ದು. ಮನಸ್ಸಿನ ಮಂಕು ನಿಧಾನಕ್ಕೆ ಸರಿಯಿತು. ಹೊಟ್ಟೆ ತಾನಾಗಿ ಕರಗಲಿಲ್ಲ, ತೋಳಿನ ಬಲ ಕಸರತ್ತು ಮಾಡಿದ ಮೇಲಷ್ಟೇ ಬಂತು. ಬೆನ್ನಿಗೆ ಮೊಡವೆ ಬಂದವು. ಎಲ್ಲಕ್ಕಿಂತ ಗಮನ ಕೊಡಬೇಕಾದದ್ದು ಪಿಸಿವಿ. ನನ್ನದು 43 ಇದ್ದದ್ದು 52ಕ್ಕೆ ಏರಿತು, 54 ದಾಟಿದರೆ ನಿಲ್ಲಿಸಬೇಕು. ಡಾಕ್ಟರ್ ಸೂಜಿಯ ಅಂತರ ಹೆಚ್ಚಿಸಿದರು, ಅದು 48ಕ್ಕೆ ಇಳಿಯಿತು. ರಕ್ತ ಪರೀಕ್ಷೆ ಮಾಡದೆ ಬರೀ ಸೂಜಿ ಕೊಡುವ ಕಡೆ ದಯವಿಟ್ಟು ಹೋಗಬೇಡಿ.

ಜೀವನಪೂರ್ತಿ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಬಹುಶಃ ಹೌದು, ಕೆಟ್ಟಿರುವುದು ಗ್ರಂಥಿಯೇ, ನಿಲ್ಲಿಸಿದರೆ ಮತ್ತೆ ಆ 200ರ ಹತ್ತಿರಕ್ಕೇ ಬರುತ್ತೇನೆ. ಮುಂದಿನ ಸೂಜಿಗೆ ಮೊದಲು ಪಿಎಸ್‌ಎ, ಪಿಸಿವಿ ಮತ್ತೆ ಮಾಡಿಸಬೇಕು, ಈ ಸಲ ಮೂಳೆಯ ಗಟ್ಟಿತನ ನೋಡುವ ಡೆಕ್ಸಾ ಸ್ಕ್ಯಾನ್ ಕೂಡ ಬರೆದಿದ್ದಾರೆ, ಯಾಕೆಂದರೆ ವರ್ಷಗಟ್ಟಲೆ ಈ ಹಾರ್ಮೋನ್ ಕಡಿಮೆ ಇದ್ದರೆ ಗಂಡಸರ ಮೂಳೆಯೂ ಸವೆಯುತ್ತದೆ.