ದತ್ತು ಬೆಕ್ಕು ಮನೆಗೆ ಬರುವ ಮುನ್ನ ಕಡಿಮೆ ಖರ್ಚಿನ ಸಿದ್ಧತೆ

ಬೆಕ್ಕನ್ನು ದತ್ತು ಪಡೆಯುವವರು ಮೊದಲು ಹಣ ತೆಗೆದಿಡಬೇಕಾದದ್ದು ಅದನ್ನು ಒಳಗಿಟ್ಟು ಹೊತ್ತೊಯ್ಯುವ ಗಟ್ಟಿಮುಟ್ಟಾದ ಕ್ಯಾರಿಯರ್‌ಗೆ. ಆಟೋದಲ್ಲಿ ಬೆದರಿದ ಬೆಕ್ಕು ರಟ್ಟಿನ ಪೆಟ್ಟಿಗೆಯನ್ನು ಹರಿದು ಹೊರಗೆ ಜಿಗಿದರೆ ಮತ್ತೆ ಸಿಗುವುದು ಕಷ್ಟ. ಮುಂದೆ ಲಸಿಕೆಗೆ ಕರೆದೊಯ್ಯಲೂ ಅದೇ ಬೇಕು. ಉಳಿದವುಗಳಲ್ಲಿ ಸಾಕಷ್ಟು ಉಳಿಸಬಹುದು.

ಬೆಕ್ಕಿನ ಮಲಮೂತ್ರಕ್ಕೆಂದು ಇಡುವ ಲಿಟರ್ ಟ್ರೇ ಬದಲು ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಅಗಲವಾದ ಟಬ್ ಸಾಕು. ಬೆಕ್ಕು ಅದರೊಳಗೆ ಆರಾಮವಾಗಿ ಸುತ್ತ ತಿರುಗುವಂತಿರಬೇಕು, ಮರಿಯಾದರೆ ಅಂಚು ತಗ್ಗಾಗಿರಬೇಕು. 5ರಿಂದ 7 ಸೆಂ.ಮೀ. ದಪ್ಪಕ್ಕೆ ಲಿಟರ್ (ತೇವ ಹೀರುವ ಹರಳು) ಹರಡಿ, ಮೂತ್ರ ತಾಗಿ ಕಟ್ಟಿದ ಗಂಟುಗಳನ್ನು ಅದಕ್ಕೆಂದೇ ತೆಗೆದಿರಿಸಿದ ಹಳೆಯ ಜಾಲರಿ ಸೌಟಿನಿಂದ ದಿನವೂ ತೆಗೆಯಿರಿ. ಟಬ್ ತೊಳೆಯಲು ಫಿನಾಯಿಲ್ ಬೇಡವೇ ಬೇಡ: ಫೀನಾಲ್ ಬೆರೆತ ದ್ರಾವಣಗಳನ್ನು ಬೆಕ್ಕಿನ ಯಕೃತ್ತು ಸರಿಯಾಗಿ ನಿಭಾಯಿಸಲಾರದು, ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಸೋಪಿನ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟರೆ ಸಾಕು.

ಹಿಂದೆ ಇದ್ದ ಕಡೆ ಕೊಡುತ್ತಿದ್ದ ಆಹಾರವನ್ನೇ ಚಿಕ್ಕ ಪ್ಯಾಕೆಟ್‌ನಲ್ಲಿ ಕೊಂಡು, ಬದಲಿಸುವುದಾದರೆ 7ರಿಂದ 10 ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಹೊಸದನ್ನು ಬೆರೆಸಿ. ಊಟಕ್ಕೆ ಮನೆಯ ಸ್ಟೀಲ್ ತಟ್ಟೆ, ಉಗುರು ಕೆರೆಯಲು ಮೇಜಿನ ಕಾಲಿಗೆ ಬಿಗಿಯಾಗಿ ಸುತ್ತಿದ ತೆಂಗಿನ ನಾರಿನ ಹಗ್ಗ, ಮಲಗಲು ಹಳೆಯ ಬೆಡ್‌ಶೀಟ್ ಧಾರಾಳವಾಯಿತು. ಮಹಡಿಯ ಮನೆಯಾದರೆ ಹೀಗೆ ಉಳಿದ ಹಣದಲ್ಲಿ ಬೆಕ್ಕು ಬರುವ ಮೊದಲೇ ಬಾಲ್ಕನಿಗೂ ಕಿಟಕಿಗಳಿಗೂ ಗಟ್ಟಿ ಜಾಲರಿ ಹಾಕಿಸಿ.