ಹೊಸ ಕಮೋಡ್ ಕೂರಿಸಿದ ಮೇಲೆ ಟ್ಯಾಂಕಿನ ನೀರು ನಿಲ್ಲದಿದ್ದರೆ

ಕಮೋಡ್ ಹೊಸದು, ಟ್ಯಾಂಕಿಗೆ ನೀರು ತುಂಬಿಸಿ ನಿಲ್ಲಿಸುವ ಒಳಗಿನ ಫಿಲ್ ವಾಲ್ವ್ ಹೊಸದು. ಆದರೂ ಫ್ಲಶ್ ಟ್ಯಾಂಕ್ ತುಂಬಿದ ಮೇಲೂ ಸುಯ್ ಎನ್ನುವ ಸದ್ದು ನಿಲ್ಲುವುದಿಲ್ಲ. ಹೀಗಾದಾಗ ಬೇರೆ ವಾಲ್ವ್ ತಂದು ಹಾಕುವ ಯೋಚನೆಯನ್ನು ನಾನು ಕಟ್ಟಕಡೆಗೆ ಇಟ್ಟುಕೊಳ್ಳುತ್ತೇನೆ. ಹೊಸದಾಗಿ ಜೋಡಿಸಿದ ಕಡೆ ವಾಲ್ವೇ ಕೆಟ್ಟಿರುವುದು ಅಪರೂಪ. ಪೈಪಿನಲ್ಲಿ ಬಂದ ಕಸ ಅಥವಾ ಕೂರಿಸುವಾಗ ತಪ್ಪಿದ ಅಳತೆ, ಕಾರಣ ಹೆಚ್ಚಾಗಿ ಈ ಎರಡರಲ್ಲೇ ಇರುತ್ತದೆ.

ಮುಚ್ಚಳ ತೆಗೆದ ಕೂಡಲೇ ನೋಡಬೇಕಾದದ್ದು ನೀರಿನ ಮಟ್ಟ. ನೀರು ಓವರ್‌ಫ್ಲೋ ಪೈಪಿನ (ಹೆಚ್ಚಾದ ನೀರನ್ನು ಕಮೋಡಿಗೆ ಇಳಿಸುವ ನೆಟ್ಟಗಿನ ಕೊಳವೆ) ಬಾಯಿ ದಾಟಿ ಒಳಗಿಳಿಯುತ್ತಿದ್ದರೆ ಫಿಲ್ ವಾಲ್ವ್ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ. ಮಟ್ಟ ಆ ಬಾಯಿಗಿಂತ ಕೆಳಗೇ ಇದ್ದು, ಯಾರೂ ಫ್ಲಶ್ ಮಾಡದಿದ್ದರೂ ಆಗಾಗ ತಾನಾಗಿ ತುಂಬಿಕೊಳ್ಳುತ್ತಿದ್ದರೆ ನೀರು ಬೇರೆಲ್ಲೋ ಸೋರುತ್ತಿದೆ. ಪಾಪ, ಫಿಲ್ ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಅಷ್ಟೇ. ಇವೆರಡರಲ್ಲಿ ಯಾವುದೆಂದು ಗೊತ್ತಾಗುವವರೆಗೆ ಸ್ಪ್ಯಾನರ್ ಮುಟ್ಟುವುದು ಬೇಡ.

ನೀರು ಓವರ್‌ಫ್ಲೋಗೆ ಹೋಗುತ್ತಿದ್ದರೆ ಫ್ಲೋಟನ್ನು, ಅಂದರೆ ನೀರಿನ ಜೊತೆ ಮೇಲೇರುವ ತೇಲುವ ಭಾಗವನ್ನು, ಕೈಯಲ್ಲಿ ಮೇಲೆತ್ತಿ ಹಿಡಿಯುತ್ತೇನೆ. ಆಗ ನೀರು ನಿಂತರೆ ವಾಲ್ವ್ ಸರಿಯಾಗಿದೆ. ಮಟ್ಟ ಹೊಂದಿಸಿಲ್ಲ, ಇಲ್ಲವೇ ಫ್ಲೋಟ್ ಎಲ್ಲೋ ತಗುಲುತ್ತಿದೆ. ಟ್ಯಾಂಕಿನ ಅಡಿಯ ನಟ್ ಬಿಗಿ ಮಾಡುವಾಗ ವಾಲ್ವೂ ಜೊತೆಯಲ್ಲೇ ತಿರುಗಿಬಿಡುತ್ತದೆ. ಫ್ಲೋಟ್ ಟ್ಯಾಂಕಿನ ಗೋಡೆಗೋ ಫ್ಲಶ್ ವಾಲ್ವಿಗೋ (ಬಟನ್ ಒತ್ತಿದಾಗ ನೀರನ್ನು ಕಮೋಡಿಗೆ ಬಿಡುವ ವಾಲ್ವ್) ಉಜ್ಜುವುದು ಇದರಿಂದಲೇ. ನಟ್ ಸ್ವಲ್ಪ ಸಡಿಲಿಸಿ, ಒಂದು ಕೈಯಲ್ಲಿ ವಾಲ್ವನ್ನು ಒಳಗಿನಿಂದ ಹಿಡಿದು ಮತ್ತೆ ಬಿಗಿ ಮಾಡಬೇಕು. ನೀರಿನ ಮಟ್ಟ ಓವರ್‌ಫ್ಲೋ ಬಾಯಿಗಿಂತ ಸುಮಾರು 25 ಮಿ.ಮೀ. ಕೆಳಗಿರಲಿ. ಎತ್ತರ ಬದಲಿಸಬಹುದಾದ ಅನೇಕ ವಾಲ್ವ್‌ಗಳ ಮೇಲೆ 'ಸಿ.ಎಲ್.' (ಕ್ರಿಟಿಕಲ್ ಲೆವೆಲ್) ಎಂಬ ಗುರುತಿರುತ್ತದೆ. ಆ ಗುರುತು ಓವರ್‌ಫ್ಲೋ ಬಾಯಿಗಿಂತ ಕನಿಷ್ಠ 25 ಮಿ.ಮೀ. ಮೇಲಿರಬೇಕು, ಇಲ್ಲದಿದ್ದರೆ ಪೈಪಿನಲ್ಲಿ ಒತ್ತಡ ಕುಸಿದಾಗ ಟ್ಯಾಂಕಿನ ನೀರು ಹಿಂದಕ್ಕೆ ಎಳೆದುಕೊಂಡು ಹೋಗುವ ಅಪಾಯವಿದೆ.

ಫ್ಲೋಟ್ ಎತ್ತಿ ಹಿಡಿದರೂ ನೀರು ನಿಲ್ಲದಿದ್ದರೆ ಬಹುಪಾಲು ಒಳಗೆ ಕಸ ಸಿಕ್ಕಿಕೊಂಡಿದೆ. ಈಗಿನ ಹೆಚ್ಚಿನ ವಾಲ್ವ್‌ಗಳಲ್ಲಿರುವುದು ರಬ್ಬರ್ ಡಯಾಫ್ರಾಮ್, ಅಂದರೆ ಬಾಗುವ ರಬ್ಬರ್ ಬಿಲ್ಲೆ. ಅದರಲ್ಲಿರುವ ಸೂಜಿಮೊನೆಯಷ್ಟು ರಂಧ್ರದಿಂದ ಸ್ವಲ್ಪ ನೀರು ರಬ್ಬರಿನ ಹಿಂಬದಿಗೆ ಹೋಗುತ್ತದೆ. ಫ್ಲೋಟ್ ಮೇಲೇರಿ ಹಿಂಬದಿಯ ಪುಟ್ಟ ದಾರಿಯನ್ನು ಮುಚ್ಚಿದಾಗ ಅಲ್ಲಿ ಒತ್ತಡ ಕಟ್ಟಿಕೊಂಡು ರಬ್ಬರನ್ನು ಒಳಹರಿವಿನ ಬಾಯಿಗೆ ಒತ್ತುತ್ತದೆ. ಅಂದರೆ ನೀರನ್ನು ನಿಲ್ಲಿಸುವುದು ನೀರಿನದೇ ಒತ್ತಡ, ಫ್ಲೋಟಿನ ಬಲವಲ್ಲ. ಆ ರಂಧ್ರಕ್ಕೆ ಒಂದು ಮರಳಿನ ಕಣ ಅಡ್ಡ ಬಂದರೆ ಹಿಂಬದಿಯಲ್ಲಿ ಒತ್ತಡವೇ ಹುಟ್ಟುವುದಿಲ್ಲ, ವಾಲ್ವ್ ತೆರೆದೇ ಇರುತ್ತದೆ. ಕಣ ರಬ್ಬರ್ ಕೂರುವ ಅಂಚಿನಲ್ಲಿದ್ದರೆ ಪೂರ್ತಿ ಮುಚ್ಚದೆ ಸಣ್ಣಗೆ ಹರಿಯುತ್ತಲೇ ಇರುತ್ತದೆ. ಲೈನ್ ಬಿಚ್ಚಿ ಜೋಡಿಸಿದಾಗ ಒಳಗೆ ಉಳಿದ ಪಿವಿಸಿ ಚೂರು, ತುಕ್ಕು, ಟೆಫ್ಲಾನ್ ಟೇಪಿನ ಎಳೆ ಎಲ್ಲವೂ ಬಂದು ನಿಲ್ಲುವುದು ಇಲ್ಲೇ. ಕನೆಕ್ಷನ್ ಪೈಪಿನ ತುದಿಯಲ್ಲಿ ರಬ್ಬರ್ ವಾಷರ್ ಇದ್ದರೆ ಆ ತಿರುಪಿನ ಮರೆಗೆ (ಥ್ರೆಡ್‌ಗೆ) ಟೇಪ್ ಸುತ್ತಲೇಬಾರದು. ವಾಷರೇ ಸೀಲ್ ಮಾಡುತ್ತದೆ, ಟೇಪಿನಿಂದ ಬರುವುದು ಕಸ ಮಾತ್ರ.

ತೊಳೆಯುವುದು ಸುಲಭ. ಆಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ ಗೋಡೆಯ ನಲ್ಲಿ) ಮುಚ್ಚಿ, ಫ್ಲಶ್ ಮಾಡಿ ಟ್ಯಾಂಕ್ ಖಾಲಿ ಮಾಡಿ. ವಾಲ್ವಿನ ತಲೆಯ ಕ್ಯಾಪ್ ಹಲವು ಮಾದರಿಗಳಲ್ಲಿ ಎಡಕ್ಕೆ ತುಸು ತಿರುಗಿಸಿದರೆ ಕಳಚುತ್ತದೆ. ತೆರೆದ ತಲೆಯ ಮೇಲೆ ಒಂದು ಲೋಟ ಬೋರಲು ಹಿಡಿದು, ಕಾಕ್ ಅನ್ನು 10-15 ಸೆಕೆಂಡ್ ತೆರೆಯಿರಿ. ಲೋಟ ಮರೆತರೆ ನೀರು ನೇರ ಮೇಲ್ಛಾವಣಿಗೆ! ಕಾಕ್ ಮುಚ್ಚಿ, ಡಯಾಫ್ರಾಮನ್ನು ಬರಿಗೈಯಲ್ಲಿ ನೀರಿನಲ್ಲೇ ತೊಳೆಯಿರಿ. ರಂಧ್ರಕ್ಕೆ ಸೂಜಿ ಚುಚ್ಚಬೇಡಿ. ಅದು ಹಿಗ್ಗಿದರೆ ಲೆಕ್ಕ ತಪ್ಪುತ್ತದೆ, ಬಾಯಿಂದ ಊದಿದರೆ ಸಾಕು. ರಬ್ಬರಿನ ಮುಖ ಯಾವ ಕಡೆಗಿತ್ತೋ ಆ ಕಡೆಗೇ ಇಟ್ಟು, ಕ್ಯಾಪ್ ಕೊನೆಯವರೆಗೆ ತಿರುಗಿಸಿ ಕೂರಿಸಬೇಕು. ಅರ್ಧಕ್ಕೆ ನಿಂತ ಕ್ಯಾಪ್ ಕೂಡ ಇದೇ ಸೋರಿಕೆ ಕೊಡುತ್ತದೆ.

ನಿಧಾನವಾಗಿ ತುಂಬುವುದು ಬೇರೆ ಕಥೆ. ಕಾಕ್ ಪೂರ್ತಿ ತೆರೆದಿದೆಯೇ ನೋಡಿ, ಕನೆಕ್ಷನ್ ಪೈಪನ್ನು ಟ್ಯಾಂಕಿನ ಕಡೆಯಿಂದ ಬಿಚ್ಚಿ ಬಕೆಟ್ಟಿಗೆ ಬಿಡಿ. ಬಕೆಟ್ಟಿಗೆ ರಭಸವಾಗಿ ಬಿದ್ದರೆ ವಾಲ್ವಿನ ಬುಡದಲ್ಲಿರುವ ಜಾಲರಿಯಲ್ಲಿ ಕಸ ಕಟ್ಟಿದೆ, ಜಾಲರಿ ತೆಗೆದು ತೊಳೆಯಿರಿ. ಅಲ್ಲೂ ಸಣ್ಣಗೆ ಬಂದರೆ ಒತ್ತಡವೇ ಕಡಿಮೆ. 10 ಮೀಟರ್ ಎತ್ತರದ ನೀರು ಸುಮಾರು 1 ಬಾರ್ ಒತ್ತಡ ಕೊಡುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕ್ ಕಮೋಡಿಗಿಂತ ಎರಡೇ ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.2 ಬಾರ್. ಕೆಲವು ವಾಲ್ವ್‌ಗಳ ಬುಡದಲ್ಲಿ ಹರಿವು ತಗ್ಗಿಸುವ ಪುಟ್ಟ ಪ್ಲಾಸ್ಟಿಕ್ ತುಂಡು ಇರುತ್ತದೆ, ಇಂಥ ಕಡೆ ಅದನ್ನು ತೆಗೆಯಬೇಕು. ಹೆಚ್ಚು ಒತ್ತಡಕ್ಕೆಂದೇ ಮಾಡಿದ ವಾಲ್ವ್ ಇಷ್ಟು ಕಡಿಮೆ ಒತ್ತಡದಲ್ಲಿ ಸರಿಯಾಗಿ ಮುಚ್ಚದೆಯೂ ಇರಬಹುದು. ನಾನು ನಿಜಕ್ಕೂ ವಾಲ್ವ್ ಬದಲಿಸುವ ಸಂದರ್ಭ ಇದು.

ಇನ್ನು ತಾನಾಗಿ ತುಂಬುವ ಟ್ಯಾಂಕ್. ಫಿಲ್ ವಾಲ್ವಿನಿಂದ ಓವರ್‌ಫ್ಲೋಗೆ ಹೋಗುವ ಸಣ್ಣ ಟ್ಯೂಬ್ ಎಷ್ಟು ಒಳಗಿದೆ ನೋಡಿ. ಅದರ ತುದಿ ನೀರಿನ ಮಟ್ಟಕ್ಕಿಂತ ಕೆಳಗಿಳಿದಿದ್ದರೆ ಟ್ಯಾಂಕಿನ ನೀರನ್ನು ಸೈಫನ್ ಆಗಿ ಎಳೆದುಬಿಡಬಹುದು. ಕ್ಲಿಪ್ ಹಾಕಿ, ತುದಿ ಬಾಯಿಗಿಂತ ಮೇಲೆ ನಿಲ್ಲುವಂತೆ ಮಾಡಿ. ಆಮೇಲೆ ಮುಚ್ಚಳದ ಬಟನ್: ಅದರ ಕಡ್ಡಿ ಉದ್ದವಾದರೆ ಫ್ಲಶ್ ವಾಲ್ವನ್ನು ಸದಾ ಒತ್ತಿಕೊಂಡೇ ಇರುತ್ತದೆ. ಮುಚ್ಚಳ ತೆಗೆದಾಗ ಸೋರಿಕೆ ನಿಂತು, ಇಟ್ಟಾಗ ಶುರುವಾದರೆ ಇದೇ ಕಾರಣ. ಎರಡೂ ಅಲ್ಲವಾದರೆ ಟ್ಯಾಂಕಿಗೆ ತಿಂಡಿಗೆ ಹಾಕುವ ಬಣ್ಣ ನಾಲ್ಕು ಹನಿ ಬಿಟ್ಟು 20 ನಿಮಿಷ ಫ್ಲಶ್ ಮಾಡದೆ ಕಾಯಿರಿ. ಬಣ್ಣ ಕಮೋಡಿಗೆ ಇಳಿದರೆ ಫ್ಲಶ್ ವಾಲ್ವಿನ ಅಡಿಯ ಸೀಲ್ ಮಡಚಿದೆ ಅಥವಾ ಅದರ ಮೇಲೆ ಕಸ ಕೂತಿದೆ.

ಟ್ಯಾಂಕಿನ ಹೊರಗೆ, ವಾಲ್ವಿನ ಬುಡದಲ್ಲಿ ಹನಿಯುತ್ತಿದ್ದರೆ ದೊಡ್ಡ ವಾಷರ್ ಟ್ಯಾಂಕಿನ ಒಳಬದಿಯಲ್ಲೇ ಇದೆಯೇ ನೋಡಿ. ಹೊರಗೆ ಹಾಕಿದರೆ ಸೀಲ್ ಆಗದು. ಪ್ಲಾಸ್ಟಿಕ್ ನಟ್ ಕೈಯಲ್ಲಿ ಬಿಗಿಯಾದ ಮೇಲೆ ಕಾಲು ಸುತ್ತು ಸಾಕು. ಅದಕ್ಕೂ ನಿಲ್ಲದಿದ್ದರೆ ಇನ್ನಷ್ಟು ಬಿಗಿ ಮಾಡದೆ ಬಿಚ್ಚಿ, ವಾಷರ್ ನೇರ ಕೂತಿದೆಯೇ ಎಂದು ನೋಡಿ ಮತ್ತೆ ಹಾಕಿ. ಪಿಂಗಾಣಿ ಬಿರುಕು ಬಿಟ್ಟರೆ ಟ್ಯಾಂಕನ್ನೇ ಬದಲಿಸಬೇಕಾಗುತ್ತದೆ.