ಘಟ್ಟ ಹತ್ತಿಳಿಯುವ ಮನೆಗೆ ಮೂರು ಸಾಲಿನ ಗಾಡಿ: ಆರಿಸಿಕೊಳ್ಳುವ ಬಗೆ

ಕಾರವಾರ, ಕುಮಟಾ, ಶಿರಸಿಯ ಕಡೆ ಹೊಸ ಕಾರಿನ ಮಾತು ಬಂದ ಮನೆಗಳಲ್ಲಿ ಈಗ ‘ಏಳು ಸೀಟಿನದೇ ತೆಗೆದುಕೊಳ್ಳೋಣ’ ಎಂಬ ಮಾತು ಬೇಗನೆ ಹೊರಡುತ್ತದೆ. ಅದಕ್ಕೆ ಕಾರಣಗಳೂ ಇವೆ. ಮದುವೆ, ಉಪನಯನ, ಚೌತಿ, ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆ ಎಂದು ನೆಂಟರಿಷ್ಟರ ಓಡಾಟ ಇಲ್ಲಿ ತಪ್ಪುವುದಿಲ್ಲ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಳೆಯದು. ದೊಡ್ಡ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾದ ದಾರಿ ಹಿಡಿಯಬೇಕಾಗುತ್ತದೆ, ಹಾಗೆ ಹೊರಟಾಗ ರೋಗಿಯ ಜೊತೆಗೆ ಮೂರು-ನಾಲ್ಕು ಮಂದಿ ಇದ್ದೇ ಇರುತ್ತಾರೆ. ಇದೇ ಕೆಲಸವನ್ನು ಹಿಂದೆ ಟ್ರ್ಯಾಕ್ಸ್, ಸುಮೋ, ಓಮ್ನಿಗಳು ಮಾಡುತ್ತಿದ್ದವು. 2000ದಲ್ಲಿ ಬಂದ ಕ್ವಾಲಿಸ್ ಮತ್ತು 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾ ಆ ಪ್ರಯಾಣಕ್ಕೆ ಸುಖವನ್ನು ಕೂಡಿಸಿದವು. ಎತ್ತರದ ಸೀಟಿನಿಂದ ತಿರುವಿನಾಚೆಯ ರಸ್ತೆ ಸ್ವಲ್ಪ ಮೊದಲೇ ಕಾಣುತ್ತದೆ, ಮಳೆಗಾಲದ ಹೊಂಡಕ್ಕೆ ಅಡಿಭಾಗ ತಾಗುವ ಅಂಜಿಕೆ ಕಡಿಮೆಯಾಗುತ್ತದೆ. ಅಂಗಳದಲ್ಲಿ ದೊಡ್ಡ ಗಾಡಿ ನಿಂತರೆ ಮನೆಗೊಂದು ಗತ್ತು ಬರುತ್ತದೆ ಎಂಬುದನ್ನೂ ಲೆಕ್ಕದಿಂದ ಬಿಡಬೇಕಾಗಿಲ್ಲ.

ಆದರೆ ಇಂಥ ಗಾಡಿಯನ್ನು ಬಹುತೇಕರು ಮುಂದಿನ ಸೀಟಿನಲ್ಲಿ ಕೂತು ಆರಿಸುತ್ತಾರೆ. ಪರದೆ ಎಷ್ಟು ದೊಡ್ಡದು, ಸನ್‌ರೂಫ್ ಇದೆಯೇ ಎಂದು ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಐದು ಸೀಟಿನ ಗಾಡಿಗಿಂತ ಹೆಚ್ಚಿಗೆ ಕೊಡುವ ಹಣವೆಲ್ಲ ಮೂರನೆಯ ಸಾಲಿನ ಸಲುವಾಗಿಯೇ ಹೋಗುವುದರಿಂದ ಪರೀಕ್ಷೆಯನ್ನೂ ಅಲ್ಲಿಂದಲೇ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ.

ಶೋರೂಮಿಗೆ ಹೋಗುವ ಮೊದಲು ಕಳೆದ ವರ್ಷ ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಹೊರಟ ಸಂದರ್ಭಗಳನ್ನು ಮನೆಯವರೆಲ್ಲ ಕೂತು ನೆನಪಿಸಿಕೊಳ್ಳಬೇಕು. ಯಾರು ಯಾರು ಇದ್ದರು, ಎಷ್ಟು ದೂರ ಹೋದರು, ಕೊನೆಯ ಸಾಲಿಗೆ ಯಾರು ಹೋಗಬೇಕಾಗುತ್ತಿತ್ತು ಎಂಬುದೂ ಆ ಲೆಕ್ಕದಲ್ಲಿರಬೇಕು. ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ ಅಂಥ ಪ್ರಸಂಗ ಬಂದಿದ್ದರೆ ಐದು ಸೀಟಿನ ಕಾರನ್ನೇ ಇಟ್ಟುಕೊಂಡು ಆ ದಿನಗಳಿಗೆ ಬಾಡಿಗೆ ಗಾಡಿ ಮಾಡುವುದು ಅಗ್ಗ. ಹಿಂದೆ ಕೂರುವವರು ಮಕ್ಕಳು ಮಾತ್ರವಾದರೆ ಸಾಧಾರಣ ಗಾತ್ರದ ಗಾಡಿ ಸಾಕು. ದೊಡ್ಡವರು ತಿಂಗಳಿಗೊಮ್ಮೆಯಾದರೂ ಅಲ್ಲಿ ಕೂರುತ್ತಾರೆ ಎಂದಾದರೆ ಮಾತ್ರ ಮುಂದಿನ ಪರೀಕ್ಷೆಗಳನ್ನು ಬಿಗಿಯಾಗಿ ಮಾಡಬೇಕು.

ಶೋರೂಮಿಗೆ ಒಬ್ಬರೇ ಹೋಗದೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಹೋಗುವುದು ಒಳ್ಳೆಯದು. ಸೀರೆಯುಟ್ಟ ಅತ್ತೆಯೋ ಚಿಕ್ಕಮ್ಮನೋ ಕೊನೆಯ ಸಾಲಿಗೆ ತಾವಾಗಿಯೇ ಹತ್ತಿ ಇಳಿಯಲಿ, ಯಾರೂ ಕೈ ಕೊಡುವುದು ಬೇಡ. ಎರಡನೆಯ ಸಾಲಿನ ಸೀಟು ಒಂದು ಕೈಯಲ್ಲಿ ಮಡಚಿಕೊಂಡು ಮುಂದಕ್ಕೆ ಹೊರಳುತ್ತದೆಯೇ, ಹೊರಳಿದ ಮೇಲೆ ಪಾದ ಇಡಲು ಅಗಲವಾದ ಜಾಗ ಸಿಗುತ್ತದೆಯೇ, ಹಿಡಿದುಕೊಳ್ಳಲು ಹಿಡಿಕೆ ಇದೆಯೇ, ಸೆರಗು ಸೀಟಿನ ಕಬ್ಬಿಣದ ಹಳಿಗೆ ಸಿಕ್ಕಿಕೊಳ್ಳುತ್ತದೆಯೇ ಎಂಬುದೆಲ್ಲ ಆ ಒಂದು ನಿಮಿಷದಲ್ಲಿ ತಿಳಿಯುತ್ತದೆ. ಎರಡನೆಯ ಸಾಲಿನಲ್ಲಿ ಬೇರೆಬೇರೆಯಾಗಿ ನಿಲ್ಲುವ ಎರಡು ಸೀಟುಗಳಿದ್ದರೆ, ಅಂದರೆ ಕ್ಯಾಪ್ಟನ್ ಸೀಟುಗಳಿದ್ದರೆ, ಸಾಮಾನ್ಯವಾಗಿ ಅವುಗಳ ನಡುವಿನಿಂದಲೇ ಹಿಂದೆ ನುಸುಳಬಹುದು. ಆದರೆ ಹಲವು ಗಾಡಿಗಳಲ್ಲಿ ಆಗ ಏಳರ ಜಾಗದಲ್ಲಿ ಆರೇ ಜನ ಹಿಡಿಯುತ್ತಾರೆ. ಆಸ್ಪತ್ರೆಯಿಂದ ಬರುವವರನ್ನು ಮಲಗಿಸಿಕೊಂಡು ಬರಬೇಕಾದ ಮನೆಗೆ ಉದ್ದ ಬೆಂಚಿನ ಸೀಟೇ ಹೆಚ್ಚು ಉಪಕಾರಿ.

ಇನ್ನು ಕೂರುವ ಪರೀಕ್ಷೆ. ಮೊದಲು ಚಾಲಕ ತನಗೆ ಬೇಕಾದಷ್ಟು ಸೀಟನ್ನು ಹಿಂದಕ್ಕೆ ಸರಿಸಿಕೊಳ್ಳಬೇಕು, ಅವನ ಹಿಂದೆ ಎರಡನೆಯ ಸಾಲಿನವರು ಆರಾಮಾಗಿ ಕೂರಬೇಕು, ಆಮೇಲೆ ಉಳಿದ ಜಾಗದಲ್ಲಿ ಮನೆಯ ಎತ್ತರದ ವ್ಯಕ್ತಿ ಕೊನೆಯ ಸಾಲಿನಲ್ಲಿ ಕೂತು ನೋಡಬೇಕು. ಶೋರೂಮಿನಲ್ಲಿ ಎರಡನೆಯ ಸೀಟನ್ನು ಪೂರ್ತಿ ಮುಂದಕ್ಕೆ ತಳ್ಳಿಟ್ಟು ‘ನೋಡಿ ಸಾರ್, ಎಷ್ಟು ಜಾಗ’ ಎಂದು ತೋರಿಸುವುದು ರೂಢಿ, ಅದಕ್ಕೆ ಮರುಳಾಗಬಾರದು. ಇಲ್ಲಿ ಗಮನಿಸಬೇಕಾದದ್ದು ತೊಡೆಯನ್ನು. ನೆಲ ಎತ್ತರವಾಗಿ ಸೀಟು ತಗ್ಗಾಗಿದ್ದರೆ ಮೊಣಕಾಲು ಎದೆಯತ್ತ ಬರುತ್ತದೆ, ತೊಡೆಗೆ ಸೀಟಿನ ಆಸರೆ ಸಿಗುವುದಿಲ್ಲ, ಅರ್ಧ ಗಂಟೆಯಲ್ಲಿ ಸೊಂಟ ಹಿಡಿಯುತ್ತದೆ. ಈ ವಿಷಯದಲ್ಲಿ ಎಸ್‌ಯುವಿ ಎಂದು ಮಾರಾಟವಾಗುವ ಗಾಡಿಗಳಿಗಿಂತ ಇನ್ನೋವಾ, ಎರ್ಟಿಗಾ, ಕಾರೆನ್ಸ್‌ನಂಥ ಎಂಪಿವಿಗಳೇ, ಅಂದರೆ ಹೆಚ್ಚು ಜನ ಕೂರಲೆಂದೇ ರೂಪಿಸಿದ ಗಾಡಿಗಳೇ, ಎಷ್ಟೋ ವಾಸಿ. ಮಾಡು ಹಿಂದಿನವರೆಗೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ಸಾಗುವುದರಿಂದ ಅವುಗಳಲ್ಲಿ ತಲೆಗೂ ತೊಡೆಗೂ ಜಾಗ ಹೆಚ್ಚು. ಗತ್ತಿಗಾಗಿ ಎಸ್‌ಯುವಿ ಬೇಕೋ, ಹಿಂದೆ ಕೂರುವವರ ಸುಖಕ್ಕಾಗಿ ಎಂಪಿವಿ ಬೇಕೋ ಎಂಬುದನ್ನು ಮನೆಯೊಳಗೇ ತೀರ್ಮಾನಿಸಿಕೊಂಡು ಹೊರಡುವುದು ಲೇಸು.

ನಿಂತ ಗಾಡಿಯಲ್ಲಿ ಗೊತ್ತಾಗದ ಸಂಗತಿಯೊಂದಿದೆ. ಕೊನೆಯ ಸಾಲು ಹಿಂದಿನ ಚಕ್ರಗಳ ಮೇಲೆಯೋ ಅದರಾಚೆಗೋ ಬರುವುದರಿಂದ ಹೊಂಡದ ಪೆಟ್ಟು, ತಿರುವಿನ ತೂಗಾಟ ಎರಡೂ ಅಲ್ಲಿ ಕೂತವರಿಗೇ ಜಾಸ್ತಿ. ಕುಮಟಾ-ಶಿರಸಿ ನಡುವಿನ ದೇವಿಮನೆ ಘಟ್ಟ, ಅಂಕೋಲಾ-ಯಲ್ಲಾಪುರ ದಾರಿಯ ಅರಬೈಲ್ ಘಟ್ಟ, ಹೊನ್ನಾವರದಿಂದ ಜೋಗದ ಕಡೆ ಹತ್ತುವ ಗೇರುಸೊಪ್ಪೆ ಘಟ್ಟ ಇವುಗಳಲ್ಲಿ ಮಕ್ಕಳಿಗೆ ವಾಂತಿಯಾಗುವುದು ಹೊಸ ಸಂಗತಿಯಲ್ಲ. ಆದ್ದರಿಂದ ಟೆಸ್ಟ್ ಡ್ರೈವ್ ಎಂದು ಊರೊಳಗಿನ ನೇರ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುವುದರಿಂದ ಪ್ರಯೋಜನವಿಲ್ಲ. ಮನೆಮಂದಿಯನ್ನು ತುಂಬಿಕೊಂಡು ಘಟ್ಟದ ಒಂದಷ್ಟು ತಿರುವುಗಳನ್ನಾದರೂ ಹತ್ತಿಳಿಯಲು ಅವಕಾಶ ಕೇಳಬೇಕು, ಮತ್ತು ಹಣ ಕೊಡುವವರು ಆಗ ಕೊನೆಯ ಸಾಲಿನಲ್ಲಿ ಕೂರಬೇಕು. ಅಲ್ಲಿಗೆ ಎ.ಸಿ. ಗಾಳಿ ತಲುಪುತ್ತದೆಯೇ, ಗಾಳಿಯ ವೇಗ ಹೆಚ್ಚಿಸಲು ಅಲ್ಲಿಯೇ ಗುಂಡಿ ಇದೆಯೇ, ಹೊರಗೆ ನೋಡಲು ಕಿಟಕಿ ಸಾಕಷ್ಟು ದೊಡ್ಡದಿದೆಯೇ ಎಂಬುದನ್ನು ಮೇ ತಿಂಗಳ ಕರಾವಳಿಯ ಸೆಕೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು. ಕೊನೆಯ ಸಾಲಿನ ಕಿಟಕಿಗಾಜು ಸಾಮಾನ್ಯವಾಗಿ ತೆರೆಯುವುದಿಲ್ಲ.

ಏಳೂ ಜನ ಕೂತ ಮೇಲೆ ಡಿಕ್ಕಿಯಲ್ಲಿ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಅನೇಕರು ನೋಡುವುದೇ ಇಲ್ಲ. ಮೂರೂ ಸಾಲು ನೆಟ್ಟಗಿದ್ದಾಗ ಎರ್ಟಿಗಾದಲ್ಲಿ 209 ಲೀಟರ್, ಇನ್ನೋವಾ ಹೈಕ್ರಾಸ್‌ನಲ್ಲಿ 300 ಲೀಟರ್ ಉಳಿಯುತ್ತದೆ. ಕೆಲವು ದೊಡ್ಡ ಎಸ್‌ಯುವಿಗಳಲ್ಲಿ ಒಂದೆರಡು ಕೈಚೀಲಕ್ಕಷ್ಟೇ ಎಡೆ. ಮನೆಯ ಸೂಟ್‌ಕೇಸನ್ನೇ ಒಯ್ದು ಇಟ್ಟು ನೋಡುವುದು ಅಂಕಿಗಿಂತ ನಂಬಿಕೆಯ ವಿಧಾನ. ಅಡಿಕೆ ಮೂಟೆ, ಗೊಬ್ಬರದ ಚೀಲ ಸಾಗಿಸುವವರು ಕೊನೆಯ ಸೀಟು ಮಡಚಿದಾಗ ನೆಲ ಸಮತಟ್ಟಾಗುತ್ತದೆಯೇ ಎಂದೂ ನೋಡಿಕೊಳ್ಳಬೇಕು.

ಶೋರೂಮಿನಿಂದ ಮನೆಗೆ ಬಂದು ಟೇಪು ಹಿಡಿಯುವುದು ಮುಂದಿನ ಕೆಲಸ. ಬೊಲೆರೊ ಮತ್ತು ಟ್ರೈಬರ್ 4 ಮೀಟರಿನ ಒಳಗಿವೆ, ಎರ್ಟಿಗಾ ಸುಮಾರು 4.4 ಮೀಟರ್, ಸ್ಕಾರ್ಪಿಯೋ-ಎನ್ ಮತ್ತು ಸಫಾರಿ 4.66 ಮೀಟರಿನ ಆಸುಪಾಸು, ಹೈಕ್ರಾಸ್ 4.75 ಮೀಟರ್ ದಾಟುತ್ತದೆ. ಉದ್ದಕ್ಕಿಂತ ಅಗಲವೇ ನಮ್ಮ ಕಡೆ ಹೆಚ್ಚು ಕಾಡುವುದು: ಸ್ಕಾರ್ಪಿಯೋ-ಎನ್, ಸಫಾರಿಗಳ ಅಗಲ 1.9 ಮೀಟರ್ ಮೀರುತ್ತದೆ, ಕನ್ನಡಿಗಳು ಅದರ ಹೊರಗೆ. ತೋಟದ ಮನೆಯ ಗೇಟು, ಕೇರಿಯೊಳಗಿನ ತಿರುವು, ಎದುರಿನಿಂದ ಬಸ್ಸು ಬಂದರೆ ಗಟಾರದ ಅಂಚಿಗೆ ಸರಿಯಬೇಕಾದ ಒಳರಸ್ತೆ, ಇವಿಷ್ಟನ್ನೂ ಅಳೆದುಕೊಂಡು ಆಮೇಲೆ ಗಾತ್ರ ನಿರ್ಧರಿಸಬೇಕು.

ಮನೆಯಂಗಳದಿಂದ ಡಾಂಬರು ರಸ್ತೆಗೆ ಹತ್ತುವ ಏರು ಕೆಂಪುಮಣ್ಣಿನದಾದರೆ ಎಂಜಿನ್ನಿನ ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ ಎಂಬುದು ಮುಖ್ಯವಾಗುತ್ತದೆ. ಏಳು ಜನ ಮತ್ತು ಸಾಮಾನು ತುಂಬಿದ ಗಾಡಿ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ವಾಲಿ ಮುಂದಿನ ಚಕ್ರಗಳು ಹಗುರಾಗುತ್ತವೆ. ಮುಂದಿನ ಚಕ್ರದಿಂದ ಓಡುವ ಹೈಕ್ರಾಸ್, ಸಫಾರಿ, ಅಲ್ಕಝಾರ್, ಕಾರೆನ್ಸ್, ಎರ್ಟಿಗಾಗಳು ಇಂಥಲ್ಲಿ, ಅದೂ ಆಷಾಢದ ಜಾರು ನೆಲದಲ್ಲಿ, ಚಕ್ರ ಸುತ್ತಿಸುತ್ತ ನಿಲ್ಲಬಹುದು. ಚಾಸಿ ಮೇಲೆ, ಅಂದರೆ ಪ್ರತ್ಯೇಕ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದ, ಹಿಂದಿನ ಚಕ್ರದಿಂದ ಓಡುವ ಬೊಲೆರೊ, ಇನ್ನೋವಾ ಕ್ರಿಸ್ಟಾ, ಸ್ಕಾರ್ಪಿಯೋ-ಎನ್‌ಗಳಿಗೆ ಅದೇ ಭಾರ ಹಿಡಿತ ಕೊಡುತ್ತದೆ. ಹಾಗೆಂದು ಎಲ್ಲರಿಗೂ ಚಾಸಿಯ ಗಾಡಿಯೇ ಬೇಕೆಂದಲ್ಲ. ಹೆದ್ದಾರಿ 66ರಲ್ಲಿಯೇ ಓಡಾಡುವ ಕಾರವಾರ, ಭಟ್ಕಳದವರಿಗೆ ಚಾಸಿಯಿಲ್ಲದ ಗಾಡಿಯ ಮೆತ್ತಗಿನ ಓಟವೇ ಹಿತ. ಮನೆಯ ಏರಿಗೆ ಕಾಂಕ್ರೀಟು ಹಾಕಿಸಿಕೊಂಡರೆ ಈ ಚಿಂತೆಯೇ ಇರುವುದಿಲ್ಲ. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿಗೆ ಹೆಚ್ಚಿಗೆ ಕೊಡುವ ದುಡ್ಡಿಗೆ ಹೋಲಿಸಿದರೆ ಅದು ಅಗ್ಗವಾಗಿಯೂ ಬೀಳಬಹುದು.

ಡೀಸೆಲ್ಲೋ ಪೆಟ್ರೋಲೋ ಎಂಬ ಪ್ರಶ್ನೆಗೆ ಉತ್ತರ ದಿನದ ಓಟದಲ್ಲಿದೆ. ತುಂಬಿದ ಗಾಡಿಯನ್ನು ಘಟ್ಟ ಹತ್ತಿಸಲು ಡೀಸೆಲ್ ಎಂಜಿನ್ನಿನ ಎಳೆತ ನಿಜಕ್ಕೂ ಹಿತವಾದದ್ದು. ಆದರೆ 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಸೋಸುಗ ಇರುತ್ತದೆ, ಮತ್ತು ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕಾಗುತ್ತದೆ. ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಶಿರಸಿಯಿಂದ ವಾರವಾರವೂ ಹೋಗಿಬರುವವರಿಗೆ ಇದು ತೊಂದರೆಯಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ಪೇಟೆಗೆ ಹೋಗಿ ಬರುವುದಷ್ಟೇ ಕೆಲಸವಾದರೆ ಸೋಸುಗ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ; ಅಂಥವರಿಗೆ ಪೆಟ್ರೋಲ್ ಅಥವಾ ಪೆಟ್ರೋಲ್ ಜೊತೆಗೆ ವಿದ್ಯುತ್ ಮೋಟಾರೂ ಇರುವ ಹೈಬ್ರಿಡ್ ಸರಿ. ಸಣ್ಣ ಪೆಟ್ರೋಲ್ ಎಂಜಿನ್ ಆರಿಸುವವರು ಎ.ಸಿ. ಹಾಕಿಕೊಂಡು, ತುಂಬಿದ ಗಾಡಿಯಲ್ಲಿ, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ನೋಡದೆ ಕೊಳ್ಳಬಾರದು.

ಸುರಕ್ಷತೆಯ ವಿಷಯದಲ್ಲಿ ನಕ್ಷತ್ರಗಳ ಅಂಕ ನೋಡುವುದು ಒಳ್ಳೆಯದೇ. 2023ರ ಅಕ್ಟೋಬರ್ 1ರಿಂದ ನಮ್ಮಲ್ಲೇ ಗಾಡಿಗಳನ್ನು ಗುದ್ದಿಸಿ ನೋಡಿ ನಕ್ಷತ್ರ ಕೊಡುವ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆಯುತ್ತಿದೆ, ಸಫಾರಿಯಂಥ ಮೂರು ಸಾಲಿನ ಗಾಡಿಗಳು ಅದರಲ್ಲಿ ಐದು ನಕ್ಷತ್ರ ಪಡೆದಿವೆ. ಆದರೆ ಎದುರಿನಿಂದ ಗುದ್ದುವ ಪರೀಕ್ಷೆಯಲ್ಲಿ ದೊಡ್ಡವರ ಬೊಂಬೆಗಳನ್ನು ಕೂರಿಸುವುದು ಮುಂದಿನ ಸೀಟುಗಳಲ್ಲಿ. ಕೊನೆಯ ಸಾಲಿನವರ ಸ್ಥಿತಿ ಆ ಅಂಕದಿಂದ ತಿಳಿಯುವುದಿಲ್ಲ. ಹಾಗಾಗಿ ಕೊನೆಯ ಸಾಲಿನ ಪ್ರತಿ ಸೀಟಿಗೂ ಹೆಗಲಿನಿಂದ ಸೊಂಟಕ್ಕೆ ಬರುವ ಬೆಲ್ಟು, ತಲೆಗೆ ಆನಿಕೆ, ಬದಿಯಲ್ಲಿ ಪರದೆಯಂತೆ ಇಳಿಯುವ ಏರ್‌ಬ್ಯಾಗು ಅಲ್ಲಿಯವರೆಗೂ ಬರುತ್ತದೆಯೇ ಎಂಬುದನ್ನು ಕೇಳಿ, ಕೈಯಾರೆ ನೋಡಿಕೊಳ್ಳಬೇಕು. ಬೊಲೆರೊದಂಥ ಗಾಡಿಗಳಲ್ಲಿ ಹಿಂದೆ ಎದುರುಬದುರಾಗಿ ಕೂರುವ ಅಡ್ಡ ಸೀಟುಗಳಿವೆ. ಹತ್ತಿರದ ಪೇಟೆಗೆ ಹೋಗಿ ಬರಲು ಅವು ನಡೆದಾವು, ಮಕ್ಕಳನ್ನು ಹೆದ್ದಾರಿಯ ಉದ್ದದ ಪ್ರಯಾಣಕ್ಕೆ ಅಲ್ಲಿ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಪೂರ್ತಿ ತುಂಬಿ ಹೊರಡುವ ದಿನ ಚಾಲಕನ ಬಾಗಿಲ ಹತ್ತಿರದ ಚೀಟಿಯಲ್ಲಿ ಬರೆದ ಹೆಚ್ಚಿನ ಭಾರದ ಅಳತೆಗೆ ಚಕ್ರದ ಗಾಳಿ ತುಂಬಿಸಬೇಕು, ಘಟ್ಟ ಇಳಿಯುವಾಗ ಬ್ರೇಕನ್ನೇ ನೆಚ್ಚದೆ ಕೆಳಗಿನ ಗೇರಿನಲ್ಲಿ ಇಳಿಸಬೇಕು.

ಬೆಲೆಯ ಲೆಕ್ಕದಲ್ಲಿ 2025ರ ಸೆಪ್ಟೆಂಬರ್ 22ರ ನಂತರ ಬದಲಾವಣೆಯಾಗಿದೆ. ಉದ್ದ 4 ಮೀಟರ್ ಮೀರದೆ, ಪೆಟ್ರೋಲ್ ಎಂಜಿನ್ 1200 ಸಿ.ಸಿ. ಅಥವಾ ಡೀಸೆಲ್ ಎಂಜಿನ್ 1500 ಸಿ.ಸಿ. ಒಳಗಿದ್ದರೆ ಜಿಎಸ್‌ಟಿ ಶೇ 18. ಅದಕ್ಕಿಂತ ದೊಡ್ಡವಕ್ಕೆ ಶೇ 40. ದೊಡ್ಡ ಎಸ್‌ಯುವಿಗಳ ಮೇಲೆ ಮೊದಲು ಸೆಸ್ ಸೇರಿ ಶೇ 50 ಇತ್ತು. ಟ್ರೈಬರ್, ಬೊಲೆರೊಗಳು ಮೊದಲ ಗುಂಪಿಗೆ ಸೇರುತ್ತವೆ. ಇದರ ಮೇಲೆ ಕರ್ನಾಟಕದ ಜೀವಾವಧಿ ತೆರಿಗೆ ಬರುತ್ತದೆ: 10ರಿಂದ 20 ಲಕ್ಷದವರೆಗಿನ ಗಾಡಿಗೆ ಶೇ 17, ಅದನ್ನು ಮೀರಿದರೆ ಶೇ 18, ಆ ತೆರಿಗೆಯ ಮೇಲೆ ಮತ್ತೆ ಉಪಕರ. ಈ ಭಾರ ತಪ್ಪಿಸಿಕೊಳ್ಳಲು ಗೋವಾದಲ್ಲಿ ನೋಂದಣಿ ಮಾಡಿಸುವ ಆಸೆ ಕಾರವಾರದ ಕಡೆ ಹುಟ್ಟುವುದುಂಟು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇಟ್ಟುಕೊಂಡರೆ ಮರುನೋಂದಣಿ ಮಾಡಿಸಲೇಬೇಕು, ಇಲ್ಲಿಯ ತೆರಿಗೆಯನ್ನೂ ಕಟ್ಟಬೇಕು; ಆದ್ದರಿಂದ ನೋಂದಣಿಯನ್ನು ಜಿಲ್ಲೆಯ ಕೆಎ-30 (ಕಾರವಾರ), ಕೆಎ-31 (ಶಿರಸಿ) ಅಥವಾ ಕೆಎ-47ರಲ್ಲಿಯೇ (ಹೊನ್ನಾವರ) ಮುಗಿಸಿಕೊಳ್ಳುವುದು ನೆಮ್ಮದಿ. ಬಿಳಿ ಫಲಕದ ಸ್ವಂತ ಗಾಡಿಯನ್ನು ಹೋಮ್‌ಸ್ಟೇಗೆ ಬಂದವರಿಗೆ ಬಾಡಿಗೆಗೆ ಓಡಿಸುವ ಯೋಚನೆಯೂ ಬೇಡ. ಅಪಘಾತವಾದರೆ ವಿಮೆ ಕೈಗೆ ಬರುವುದು ಕಷ್ಟ.

ಕೊಂಡ ಮೇಲಿನ ಆರೈಕೆಯಲ್ಲಿ ಕರಾವಳಿಗೂ ಘಟ್ಟದ ಮೇಲಿಗೂ ವ್ಯತ್ಯಾಸವಿದೆ. ಕಡಲ ಹತ್ತಿರದ ಮನೆಯವರು ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಗಾಡಿಯ ಅಡಿಭಾಗಕ್ಕೆ ಲೇಪನ ಮಾಡಿಸಿ, ತಿಂಗಳಿಗೊಮ್ಮೆ ಅದನ್ನು ಸಿಹಿನೀರಿನಿಂದ ತೊಳೆಸಬೇಕು; ಮರಳಿಗೆ ಗಾಡಿ ಇಳಿಸಿದ ದಿನವಂತೂ ತಪ್ಪದೆ ತೊಳೆಸಬೇಕು. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದ ತಿಂಗಳುಗಳಲ್ಲಿ ಮಡಚಿಟ್ಟ ಕೊನೆಯ ಸಾಲಿನ ಬಟ್ಟೆಗೂ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ, ಎಂಜಿನ್ನಿನ ಬೆಚ್ಚಗೆ ಹುಡುಕಿಕೊಂಡು ಇಲಿ ಬಂದು ವೈರು ಕಡಿಯುತ್ತದೆ. ಯಾರೂ ಕೂರದಿದ್ದರೂ ವಾರಕ್ಕೊಮ್ಮೆ ಆ ಸೀಟುಗಳನ್ನು ಎತ್ತಿ ನಿಲ್ಲಿಸಿ, ಬೆಲ್ಟುಗಳನ್ನು ಪೂರ್ತಿ ಹೊರಗೆಳೆದು ಒಣಬಟ್ಟೆಯಲ್ಲಿ ಒರೆಸಿ, ಎ.ಸಿ. ಹಾಕಿಕೊಂಡು ಒಂದಷ್ಟು ದೂರ ಓಡಿಸಿಕೊಂಡು ಬಂದರೆ ಒಳಗಿನ ತೇವ ಆರುತ್ತದೆ.